ಗೇಮಿಂಗ್ ಕಂಪ್ಯೂಟರ್ ಜೋಡಣೆ: ಕಡಿಮೆ ಹಣದಲ್ಲಿ ಯಾವ ಬಿಡಿಭಾಗಕ್ಕೆ ಎಷ್ಟು?

‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, ಏಳು ಬಣ್ಣದ ದೀಪಗಳ ಕ್ಯಾಬಿನೆಟ್, ಎಲ್ಲವೂ ನಂಬಲಾಗದ ಬೆಲೆಗೆ!’ ಇಂಥ ಜಾಹೀರಾತನ್ನು ಕಾಣದ ಕಂಪ್ಯೂಟರ್ ಆಸಕ್ತರು ವಿರಳ. ಇದರಲ್ಲಿ ಸುಳ್ಳು ಇರಲೇಬೇಕೆಂದೇನಿಲ್ಲ. ಆದರೆ ಹೇಳದೆ ಉಳಿಸಿಕೊಂಡ ಮಾತು ಬಹಳ ದೊಡ್ಡದಿರುತ್ತದೆ. ಇಂಟೆಲ್ ಕಂಪನಿಯ ಐ7-2600 ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಹೆಸರಿನಲ್ಲಿ ಐ7 ಎಂದಿದ್ದರೂ 2022ರ ಅಗ್ಗದ ಐ3-12100ರ ಮುಂದೆ ಅದು ನಿಲ್ಲಲಾರದು. ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಅಧಿಕೃತ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿಲ್ಲ. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನೊಳಗಿನ ದರ್ಜೆ ಮಾತ್ರ. ತಲೆಮಾರು ಯಾವುದೆಂಬುದು ಅದರ ಮುಂದಿನ ಅಂಕಿಗಳಲ್ಲಿ ಅಡಗಿದೆ, ಜಾಹೀರಾತು ಬಿಟ್ಟುಬಿಡುವುದು ಆ ಅಂಕಿಗಳನ್ನೇ.

ಮೊದಲ ಗೇಮಿಂಗ್ ಕಂಪ್ಯೂಟರಿಗೆ ಹಣ ಹೂಡುವವರು ಬಹುಪಾಲು ವಿದ್ಯಾರ್ಥಿಗಳು ಇಲ್ಲವೆ ಹೊಸದಾಗಿ ಕೆಲಸಕ್ಕೆ ಸೇರಿದವರು. ತಂದೆ-ತಾಯಿ ಕೂಡಿಟ್ಟ ಹಣವೋ ತಿಂಗಳ ಕಂತೋ ಅದರ ಹಿಂದೆ ಇರುತ್ತದೆ. ಒಮ್ಮೆ ತಪ್ಪಿದರೆ ಮತ್ತೆ ಮೂರು ನಾಲ್ಕು ವರ್ಷ ಕಾಯಬೇಕು. ಬಿಡಿಭಾಗಗಳನ್ನು ತಾವೇ ಆಯ್ದು ಜೋಡಿಸುವುದರ ನಿಜವಾದ ಲಾಭ ಇಲ್ಲಿದೆ. ಪ್ರತಿಯೊಂದು ಭಾಗದ ಹೆಸರು, ಮಾದರಿ ಸಂಖ್ಯೆ, ಬೆಲೆ ಬೇರೆ ಬೇರೆಯಾಗಿ ಕಣ್ಣ ಮುಂದಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೊಳ್ಳುವವರಿಗೂ ಅಂತರಜಾಲದಲ್ಲಿ ತರಿಸುವವರಿಗೂ ಈ ಮಾತು ಒಂದೇ.

ಮೊದಲು ಪರದೆ, ಆಮೇಲೆ ಪೆಟ್ಟಿಗೆ

ಬಹುತೇಕರು ಪ್ರೊಸೆಸರ್‌ನಿಂದ ಆಯ್ಕೆ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಮಾನಿಟರ್‌ನಿಂದ. 1920×1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 2560×1440 ಆದರೆ 36.9 ಲಕ್ಷ, 4ಕೆ ಆದರೆ 82.9 ಲಕ್ಷ. ಇಷ್ಟೂ ಚುಕ್ಕೆಗಳನ್ನು ಸೆಕೆಂಡಿಗೆ 60 ಬಾರಿಯೋ 144 ಬಾರಿಯೋ ಹೊಸದಾಗಿ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. 4ಕೆ ಪರದೆ ಕೊಂಡವರು ನಾಲ್ಕು ಪಟ್ಟು ಕೆಲಸವನ್ನು ಕಾರ್ಡಿನ ತಲೆಗೆ ಹೊರಿಸಿದಂತೆ. ಮಿತ ಹಣದವರಿಗೆ 1080 ಸಾಕು ಎಂಬುದು ಈ ಬರೆಹಗಾರನ ಖಚಿತ ಅಭಿಪ್ರಾಯ.

ಜತೆಗೆ ಯಾವ ಆಟ ಎಂಬುದನ್ನೂ ತೀರ್ಮಾನಿಸಿಕೊಳ್ಳಬೇಕು. ವ್ಯಾಲರೆಂಟ್, ಕೌಂಟರ್ ಸ್ಟ್ರೈಕ್ 2 ಮುಂತಾದ ಸ್ಪರ್ಧಾ ಆಟಗಳಿಗೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸಾಲುತ್ತದೆ, ಪ್ರೊಸೆಸರ್ ಚುರುಕಾಗಿರಬೇಕು. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2 ಮಾದರಿಯ ಕಥಾಪ್ರಧಾನ ಆಟಗಳಲ್ಲಿ ಭಾರವೆಲ್ಲ ಕಾರ್ಡಿನ ಮೇಲೆ ಬೀಳುತ್ತದೆ.

ಹಣದ ಸಿಂಹಪಾಲು ಗ್ರಾಫಿಕ್ಸ್ ಕಾರ್ಡಿಗೆ

ಬಿಡಿಭಾಗಗಳ ಬೆಲೆ ವಾರದಿಂದ ವಾರಕ್ಕೆ ಬದಲಾಗುವುದರಿಂದ ರೂಪಾಯಿಗಳ ಲೆಕ್ಕಕ್ಕಿಂತ ಪಾಲಿನ ಲೆಕ್ಕ ಹೆಚ್ಚು ಕಾಲ ಬಾಳುತ್ತದೆ. ಮಾನಿಟರ್ ಬಿಟ್ಟು ಉಳಿದ ಪೆಟ್ಟಿಗೆಗೆಂದು ಇಟ್ಟ ಪ್ರತಿ 100 ರೂಪಾಯಿಯಲ್ಲಿ ಸುಮಾರು 38 ಗ್ರಾಫಿಕ್ಸ್ ಕಾರ್ಡಿಗೆ, 27 ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ, 20 ರ‍್ಯಾಮ್ ಹಾಗೂ ಎಸ್‌ಎಸ್‌ಡಿಗೆ, 9 ಎಸ್‌ಎಂಪಿಎಸ್‌ಗೆ, ಮಿಕ್ಕ 6 ಕ್ಯಾಬಿನೆಟ್ಟಿಗೆ ಎಂದು ಇಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಇದು ಶಾಸನವಲ್ಲ, ಅಂದಾಜು. ಆದರೆ ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರ್ ದುಬಾರಿಯಾಗಿದ್ದರೆ ಅದನ್ನು ಇನ್ನೊಮ್ಮೆ ಓದುವುದು ಕ್ಷೇಮ.

ಇಂದಿನ ಆಟಗಳಿಗೆ ಕಾರ್ಡಿನಲ್ಲಿ ಕನಿಷ್ಠ 8 ಜಿಬಿ ಸ್ವಂತ ಸ್ಮೃತಿ ಇರಬೇಕು. ಎಎಂಡಿಯ ಆರ್‌ಎಕ್ಸ್ 6600, ಆರ್‌ಎಕ್ಸ್ 7600, ಎನ್‌ವಿಡಿಯಾದ ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060 ಈ ವರ್ಗಕ್ಕೆ ಸೇರುತ್ತವೆ. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ. ಆದರೆ ಮದರ್‌ಬೋರ್ಡಿನಲ್ಲಿ ‘ರಿಸೈಜೇಬಲ್ ಬಾರ್’ ಸೌಲಭ್ಯವಿಲ್ಲದಿದ್ದರೆ ಅದರ ವೇಗ ಬಹಳಷ್ಟು ಕುಸಿಯುತ್ತದೆ. ಹಳೆಯ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಲು ಹೊರಟವರು ಇದನ್ನು ನೆನಪಿಡಬೇಕು.

ಹೆಸರು ಒಂದೇ, ಒಳಗಿನ ಸರಕು ಬೇರೆ ಎಂಬ ತೊಡಕೂ ಇದೆ. ಆರ್‌ಟಿಎಕ್ಸ್ 3060 ಮೊದಲು 2021ರಲ್ಲಿ 12 ಜಿಬಿಯೊಂದಿಗೆ ಬಂತು. ಮರುವರ್ಷ ಅದೇ ಹೆಸರಿನಲ್ಲಿ 8 ಜಿಬಿಯ ಇನ್ನೊಂದು ಬಂತು. ಕಡಿಮೆಯಾದದ್ದು ಸ್ಮೃತಿ ಮಾತ್ರವಲ್ಲ, ಅದನ್ನು ತಲಪುವ ಹಾದಿಯೂ 192 ಬಿಟ್‌ನಿಂದ 128 ಬಿಟ್‌ಗೆ ಕಿರಿದಾಯಿತು. 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050ರ ಕಥೆಯೂ ಇಂಥದ್ದೇ. ಅದರಲ್ಲಿ ಕೋರ್‌ಗಳ ಸಂಖ್ಯೆಯೇ 8 ಜಿಬಿಯದಕ್ಕಿಂತ ಕಡಿಮೆ. ಆದ್ದರಿಂದ ಬಿಲ್ಲಿನಲ್ಲಿ ‘3060’ ಎಂದಷ್ಟೇ ಬರೆಸದೆ ಜಿಬಿಯನ್ನೂ ಬರೆಸಿಕೊಳ್ಳತಕ್ಕದ್ದು. 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವೆಂದು ಕಂಡರೂ ಅದು ಮದರ್‌ಬೋರ್ಡಿನೊಡನೆ ಮಾತಾಡುವುದು ನಾಲ್ಕೇ ಹಾದಿಗಳಲ್ಲಿ. ಪಿಸಿಐಇ 3.0 ಇರುವ ಹಳೆಯ ಬೋರ್ಡಿನಲ್ಲಿ ಅದು ಇನ್ನಷ್ಟು ಸೊರಗುತ್ತದೆ.

ಹಳೆಯ ಕಾರ್ಡ್ ಕೊಳ್ಳಬಹುದೆ? ಕೊಳ್ಳಬಹುದು, ಕಣ್ಣಿಟ್ಟು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ನಾಣ್ಯದ ವ್ಯವಸ್ಥೆ ಬದಲಾಗಿ ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ‘ಗಣಿಗಾರಿಕೆ’ ಮಾಡುವುದು ನಿಂತಾಗ ಹಗಲಿರುಳು ದುಡಿದ ಕಾರ್ಡುಗಳು ದಂಡಿಯಾಗಿ ಮಾರುಕಟ್ಟೆಗೆ ಬಂದವು. ಫ್ಯಾನ್ ಅಲುಗುತ್ತಿದೆಯೆ, ಅರ್ಧ ಗಂಟೆ ಆಡಿದರೂ ಪರದೆ ಕಪ್ಪಾಗದೆ ನಿಲ್ಲುತ್ತದೆಯೆ ಎಂದು ನೋಡದೆ ಹಣ ಕೊಡಬಾರದು. ಹಳೆಯ ಚಿಪ್ಪಿಗೆ ಸುಳ್ಳು ಹೆಸರು ತುಂಬಿ ಹೊಸ ಮಾದರಿಯೆಂದು ಮಾರುವ ಮೋಸವೂ ಉಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇದನ್ನು ಬಹುಮಟ್ಟಿಗೆ ಬಯಲಿಗೆಳೆಯುತ್ತದೆ. ಜಿಟಿಎಕ್ಸ್ 1060, 1070 ಮುಂತಾದ 10 ಸರಣಿಯ ಕಾರ್ಡುಗಳಿಗೆ ಎನ್‌ವಿಡಿಯಾ 2025ರ ಅಕ್ಟೋಬರಿನ ನಂತರ ಹೊಸ ಆಟಗಳಿಗೆಂದು ಡ್ರೈವರ್ ಸಿದ್ಧಪಡಿಸುವುದನ್ನು ನಿಲ್ಲಿಸಿದೆ. 2024ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’, 2025ರ ‘ಡೂಮ್: ದ ಡಾರ್ಕ್ ಏಜಸ್’ ಆಟಗಳು ರೇ ಟ್ರೇಸಿಂಗ್ ಯಂತ್ರಾಂಶವಿಲ್ಲದ ಕಾರ್ಡನ್ನು ಒಪ್ಪುವುದೇ ಇಲ್ಲ.

ಕಾರ್ಡಿಗೆ ಹಣವೇ ಸಾಲದೆಂದಾದರೆ ಬೇರೊಂದು ಹಾದಿಯಿದೆ. ಎಎಂಡಿಯ ರೈಜೆನ್ 5 5600ಜಿ, 8600ಜಿ ಪ್ರೊಸೆಸರ್‌ಗಳ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇದೆ. ಸದ್ಯಕ್ಕೆ ಸಣ್ಣ ಆಟಗಳನ್ನಾಡುತ್ತ ವರ್ಷದ ಬಳಿಕ ಕಾರ್ಡ್ ಸೇರಿಸಬಹುದು. ಹೀಗೆ ಮಾಡುವವರು ರ‍್ಯಾಮನ್ನು ಜೋಡಿಯಾಗಿಯೇ ಹಾಕಬೇಕು, ಏಕೆಂದರೆ ಒಳಗ್ರಾಫಿಕ್ಸ್‌ಗೆ ಸ್ವಂತ ಸ್ಮೃತಿಯಿಲ್ಲ. 4 ಜಿಬಿಯ ದುರ್ಬಲ ಕಾರ್ಡನ್ನು ಈಗಲೇ ಕೊಂಡು ಆಮೇಲೆ ಮಾರುವುದಕ್ಕಿಂತ ಇದು ಮೇಲು.

ಪ್ರೊಸೆಸರ್, ಬೋರ್ಡು, ರ‍್ಯಾಮ್

ಇಲ್ಲಿ ಗೊಂದಲ ಕಡಿಮೆ. ರೈಜೆನ್ 5 5600 ಮತ್ತು ಇಂಟೆಲ್ ಐ5-12400ಎಫ್ ಎರಡೂ 2022ರವು, ಎರಡರಲ್ಲೂ 6 ಕೋರ್, 12 ಥ್ರೆಡ್. ಮೇಲೆ ಹೇಳಿದ ಕಾರ್ಡುಗಳಿಗೆ ಎರಡೂ ಒಳ್ಳೆಯ ಜೊತೆ. ಇಂಟೆಲ್ ಹೆಸರಿನ ಕೊನೆಯ ‘ಎಫ್’ ಎಂದರೆ ಒಳಗ್ರಾಫಿಕ್ಸ್ ಇಲ್ಲವೆಂದರ್ಥ. ಕಾರ್ಡ್ ಕೈಕೊಟ್ಟ ದಿನ ಪರದೆಯಲ್ಲಿ ಏನೂ ಕಾಣದು.

ರೈಜೆನ್ 5600 ಕೂರುವ ಎಎಂ4 ಎಂಬ ಪೀಠ ಹಳೆಯದು, ಡಿಡಿಆರ್4 ರ‍್ಯಾಮ್ ಬಳಸುತ್ತದೆ. 2022ರಲ್ಲಿ ಬಂದ ಎಎಂ5 ಪೀಠಕ್ಕೆ ಡಿಡಿಆರ್5 ಮಾತ್ರ ಹೊಂದುತ್ತದೆ. ಮುಂದೆ ಪ್ರೊಸೆಸರ್ ಮಾತ್ರ ಬದಲಿಸಿಕೊಳ್ಳುವ ಆಸೆಯುಳ್ಳವರಿಗೆ ಎಎಂ5 ಯೋಗ್ಯ. ಆದರೆ ಮೊದಲ ದಿನದ ಖರ್ಚು ಹೆಚ್ಚು. ಹಣ ನಿಜಕ್ಕೂ ಬಿಗಿಯಾಗಿದ್ದರೆ ಎಎಂ4 ಆಯ್ದು, ಉಳಿದದ್ದನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸುವುದೇ ಜಾಣತನ. ಹಳೆಯ ದಾಸ್ತಾನಿನ ಬಿ450 ಬೋರ್ಡ್ ಕೊಳ್ಳುವುದಾದರೆ 5000 ಸರಣಿಗೆ ಬೇಕಾದ ಬಯಾಸ್ ಹಾಕಿ ಕೊಡಿರೆಂದು ಅಂಗಡಿಯಲ್ಲೇ ಹೇಳಬೇಕು. ಇಲ್ಲವಾದರೆ ಎಲ್ಲವನ್ನೂ ಸರಿಯಾಗಿ ಜೋಡಿಸಿದರೂ ಯಂತ್ರ ಏಳುವುದಿಲ್ಲ. 12400ಎಫ್‌ಗೆ ಹೊಂದುವ ಬೋರ್ಡುಗಳಲ್ಲಿ ಕೆಲವು ಡಿಡಿಆರ್4ಕ್ಕೆ, ಕೆಲವು ಡಿಡಿಆರ್5ಕ್ಕೆ ಮಾಡಿದವು. ರ‍್ಯಾಮ್ ಪಟ್ಟಿಯ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದು ಇನ್ನೊಂದರಲ್ಲಿ ಕೂರುವುದಿಲ್ಲ.

ರ‍್ಯಾಮ್ 16 ಜಿಬಿ ಇರಲಿ, ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಇರಲಿ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮೃತಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಕಾರಣ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿಯು ಗ್ರಾಹಕರಿಗೆ ‘ಕ್ರೂಶಿಯಲ್’ ಹೆಸರಿನಲ್ಲಿ ಮಾರುತ್ತಿದ್ದ ವ್ಯಾಪಾರವನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಹಳೆಯ ಲೇಖನಗಳಲ್ಲಿರುವ ರ‍್ಯಾಮ್ ಬೆಲೆಯನ್ನು ನಂಬಿ ಲೆಕ್ಕ ಹಾಕಿದವರ ಲೆಕ್ಕ ತಪ್ಪುವುದು ಖಂಡಿತ. ಹಳೆಯ ಕಂಪ್ಯೂಟರಿನ ಡಿಡಿಆರ್4 ಪಟ್ಟಿಗಳು ಮನೆಯಲ್ಲಿದ್ದರೆ ಎಎಂ4 ಆಯ್ಕೆಗೆ ಇನ್ನೊಂದು ಕಾರಣ ಸಿಕ್ಕಂತೆ.

ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಸಲ್ಲದು

ಬಜೆಟ್ ಮೀರಿದಾಗ ಮೊದಲ ಕತ್ತರಿ ಬೀಳುವುದು ಎಸ್‌ಎಂಪಿಎಸ್ ಮೇಲೆ, ಅದು ಆಟದ ವೇಗವನ್ನು ಹೆಚ್ಚಿಸುವುದಿಲ್ಲವಾದ್ದರಿಂದ. ಆದರೆ ಕೆಟ್ಟರೆ ಇತರ ಭಾಗಗಳನ್ನೂ ಜತೆಗೆ ಕೊಂಡೊಯ್ಯಬಲ್ಲ ಭಾಗ ಅದೇ. ಕ್ಯಾಬಿನೆಟ್ಟಿನೊಡನೆ ಬಿಟ್ಟಿಯಾಗಿ ಬರುವ ‘450 ವ್ಯಾಟ್’ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿ ನೋಡಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಬಹುತೇಕ ಎಲ್ಲ ವಿದ್ಯುತ್ತನ್ನೂ ಪಡೆಯುವುದು 12 ವೋಲ್ಟ್ ಸಾಲಿನಿಂದ. ಅಲ್ಲಿ 16 ಆಂಪಿಯರ್ ಎಂದು ನಮೂದಾಗಿದ್ದರೆ ಸಿಗುವುದು 192 ವ್ಯಾಟ್ ಅಷ್ಟೆ. 35 ಆಂಪಿಯರ್ ಎಂದಿದ್ದರೆ 420 ವ್ಯಾಟ್. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಬೇಡುವ ಕಾರ್ಡು.

ಹೆಸರಾಂತ ಕಂಪನಿಯ 500ರಿಂದ 550 ವ್ಯಾಟ್‌ನ, ‘80 ಪ್ಲಸ್’ ಮುದ್ರೆಯ ಎಸ್‌ಎಂಪಿಎಸ್ ಈ ವರ್ಗದ ಯಂತ್ರಕ್ಕೆ ಧಾರಾಳ. ಆ ಮುದ್ರೆ ಹೇಳುವುದು ವಿದ್ಯುತ್ತನ್ನು ಎಷ್ಟು ಪೋಲು ಮಾಡದೆ ಬಳಸುತ್ತದೆ ಎಂಬುದನ್ನು ಮಾತ್ರ, ಬಾಳಿಕೆಯನ್ನಲ್ಲ. ವಾರಂಟಿಯ ವರ್ಷಗಳು ಬಾಳಿಕೆಯ ಬಗ್ಗೆ ಹೆಚ್ಚು ಹೇಳುತ್ತವೆ.

ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಯುಪಿಎಸ್ ಬೇಕೇಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ನಿಜಕ್ಕೂ ಹೊರುವುದು 360 ವ್ಯಾಟ್ ಸುಮಾರು. ಅದರ ಬಲದಿಂದ ಆಟ ಮುಂದುವರಿಸಲು ಆಗದು, ಆಟವನ್ನು ಉಳಿಸಿ ಯಂತ್ರ ಆರಿಸುವಷ್ಟು ಸಮಯ ಸಿಗುತ್ತದೆ. ಆ್ಯಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಮನೆಯ ಚೌಕ ಅಲೆಯ ಇನ್ವರ್ಟರಿನೊಡನೆ ಹೊಂದದೆ ಥಟ್ಟನೆ ಆರಿಹೋಗುವುದುಂಟು. ಇನ್ನು, ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇದೆಯೆ ಎಂದು ಎಲೆಕ್ಟ್ರಿಶಿಯನ್‌ನಿಂದ ನೋಡಿಸಿರಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದು ಅದಿಲ್ಲದ ಲಕ್ಷಣ.

ಉಳಿದವು

ಎಸ್‌ಎಸ್‌ಡಿ ಸಾಧ್ಯವಾದರೆ 1 ಟಿಬಿ ಇರಲಿ. ರೆಡ್ ಡೆಡ್ ರಿಡೆಂಪ್ಷನ್ 2 ಒಂದಕ್ಕೇ 150 ಜಿಬಿ ಜಾಗ ಬೇಕು. ಕ್ಯಾಬಿನೆಟ್ಟಿಗೆ ಮುಂದೆ ಗಾಜಿನ ಬದಲು ಗಾಳಿಯಾಡುವ ಜಾಲರಿ, ಎರಡು ಫ್ಯಾನ್ ಇದ್ದರೆ ಸಾಕು, ದೀಪಗಳ ಹಣವನ್ನು ಕಾರ್ಡಿಗೆ ಹಾಕಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಲಿನಕ್ಸ್‌ನಲ್ಲಿ ಸ್ಟೀಮ್‌ನ ಪ್ರೋಟಾನ್ ಮೂಲಕ ಬಹಳಷ್ಟು ಆಟಗಳು ನಡೆಯುತ್ತವೆ, ವ್ಯಾಲರೆಂಟ್ ನಡೆಯುವುದಿಲ್ಲ.

ಬಿಲ್ ಇಲ್ಲದೆ ಕೊಂಡರೆ ಶೇ. 18ರ ಜಿಎಸ್‌ಟಿ ಉಳಿಯಿತೆಂದು ಸಂತೋಷಪಡುವವರಿದ್ದಾರೆ. ಸೀರಿಯಲ್ ನಂಬರ್ ನಮೂದಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ ವಾರಂಟಿಯ ದಿನ ಓಡಾಟ ತಪ್ಪಿದ್ದಲ್ಲ. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರ್‌ಗೆ ಎಎಂಡಿ, ಇಂಟೆಲ್ ಎರಡೂ ಮೂರು ವರ್ಷಗಳ ವಾರಂಟಿ ಕೊಡುತ್ತವೆ. ‘ಟ್ರೇ’ ಎಂದು ಬಿಡಿಯಾಗಿ ಅಗ್ಗಕ್ಕೆ ಮಾರುವುದರಲ್ಲಿ ಇರುವುದು ಬಹುಮಟ್ಟಿಗೆ ಅಂಗಡಿಯವರ ಭರವಸೆ, ಕೂಲರ್ ಕೂಡ ಬೇರೆಯಾಗಿ ಕೊಳ್ಳಬೇಕು.

ಜೋಡಿಸಿ ಮುಗಿದ ಮೇಲೆ ಮೂರು ಸಂಗತಿಗಳನ್ನು ನೋಡಿಕೊಳ್ಳಿ. ಮಾನಿಟರ್ ಕೇಬಲ್ ಮದರ್‌ಬೋರ್ಡಿನ ಕಿಂಡಿಯನ್ನು ಬಿಟ್ಟು ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಹೋಗಿರಬೇಕು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಚಾಲೂ ಮಾಡದಿದ್ದರೆ 3200ರ ರ‍್ಯಾಮ್ ತನ್ನ ಮೂಲ ವೇಗದಲ್ಲೇ ತೆವಳುತ್ತಿರುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಹರ್ಟ್ಸ್ ಎಂದು ಆರಿಸುವವರೆಗೆ, ಹಣ ಕೊಟ್ಟು ತಂದ 144 ಹರ್ಟ್ಸ್ ಮಾನಿಟರ್ 60ರಲ್ಲೇ ಓಡುತ್ತಿರಬಹುದು.