ಗಿಡುಗವಿಲ್ಲದ ಕಾಲದ ಕಾಳು
ಬ್ರಿಟನ್ನಿನಲ್ಲಿ ಹಿತ್ತಲ ಹಕ್ಕಿಗಳಿಗೆ ಕಾಳು ಹಾಕುವವರದ್ದು ಒಂದು ಮಾಮೂಲಿ ದೂರು: ಗುಬ್ಬಿಗೆಂದು ಇಟ್ಟದ್ದು ಗಿಡುಗಕ್ಕೆ ಬಡಿಸಿದಂತಾಗುತ್ತದೆ ಎಂದು. ದೂರು ಸುಳ್ಳೇನಲ್ಲ. ನಮ್ಮ ಶಿಕ್ರಾದ ನೆಂಟನಾದ ಸ್ಪ್ಯಾರೋಹಾಕ್ ಬೇಲಿಯ ಮರೆಯಲ್ಲಿ ನೆಲಕ್ಕೆ ಅಂಟಿದಂತೆ ಹಾರಿಬಂದು, ಬೇಲಿ ದಾಟಿದ್ದೇ ತಟ್ಟೆಯ ಮೇಲೆ ಎರಗುತ್ತದೆ. ಹಿಡಿದದ್ದನ್ನು ಹುಲ್ಲಿನ ಮೇಲೆಯೇ ಅದುಮಿಕೊಂಡು ಪುಕ್ಕ ಕೀಳುತ್ತದೆ. ಅದು ಎದ್ದುಹೋದ ಜಾಗದಲ್ಲಿ ಉಳಿಯುವುದು ಪುಕ್ಕಗಳ ಒಂದು ಸುತ್ತು. ಆದರೆ ಈ ದೂರಿನ ಬೆನ್ನಿಗೇ ಬರುವ ‘ಮೊದಲೆಲ್ಲ ಹೀಗಿರಲಿಲ್ಲ’ ಎಂಬ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಮೊದಲು ಅಂದರೆ ಯಾವಾಗ?

1890–91ರ ಕಡುಚಳಿಯಲ್ಲಿ ಹಕ್ಕಿಗಳಿಗೆ ಏನಾದರೂ ಹಾಕಿ ಎಂದು ಅಲ್ಲಿನ ಪತ್ರಿಕೆಗಳು ಓದುಗರನ್ನು ಕೇಳಿಕೊಂಡಿದ್ದವು. ಆಗಲೂ ಗಿಡುಗ ನೆಮ್ಮದಿಯಿಂದಿರಲಿಲ್ಲ. ಶ್ರೀಮಂತರ ಶಿಕಾರಿಗೆಂದು ಸಾಕಿದ ಫೆಸೆಂಟ್ ಮರಿಗಳನ್ನು ಉಳಿಸಲು ಕಾವಲುಗಾರರು ಅದನ್ನು ಕಂಡಲ್ಲಿ ಕೊಲ್ಲುತ್ತಿದ್ದರು. ನಿಜವಾದ ಪೆಟ್ಟು ಬಿದ್ದದ್ದು 1950ರ ದಶಕದಲ್ಲಿ. ಆಲ್ಡ್ರಿನ್, ಡೀಲ್ಡ್ರಿನ್ ಎಂಬ ಕೀಟನಾಶಕಗಳನ್ನು ಬೆರೆಸಿದ ಬಿತ್ತನೆ ಬೀಜವನ್ನು ತಿಂದ ಹಕ್ಕಿಗಳನ್ನು ತಿಂದು ಗಿಡುಗಗಳು ಸತ್ತವು. ಡಿಡಿಟಿಯಿಂದಾಗಿ ಮೊಟ್ಟೆಯ ಚಿಪ್ಪು ತೆಳುವಾಯಿತು. ಪ್ರಕೃತಿ ವಿಜ್ಞಾನಿ ಡೆರೆಕ್ ರ್‍ಯಾಟ್‌ಕ್ಲಿಫ್ 1967ರಲ್ಲಿ ಇದನ್ನು ತೋರಿಸಿಕೊಟ್ಟರು. 1954ರ ಪಕ್ಷಿಸಂರಕ್ಷಣಾ ಕಾಯ್ದೆ ಉಳಿದ ಬೇಟೆಹಕ್ಕಿಗಳಿಗೆ ರಕ್ಷಣೆ ಕೊಟ್ಟು ಇದೊಂದನ್ನು ಹೊರಗಿಟ್ಟಿತ್ತು. 1963ರಲ್ಲಿ ಅದಕ್ಕೂ ರಕ್ಷಣೆ ಸಿಕ್ಕಿತು ನಿಜ, ಆದರೆ ಅಷ್ಟರಲ್ಲಿ ಪೂರ್ವ ಇಂಗ್ಲೆಂಡಿನಲ್ಲಿ ರಕ್ಷಿಸಲು ಹೆಚ್ಚೇನೂ ಉಳಿದಿರಲಿಲ್ಲ. ‘ಮೊದಲಿನ’ ಆ ನಿರಾತಂಕ ಹಿತ್ತಲು, ನನ್ನ ಮಟ್ಟಿಗೆ, ವಿಷ ಸೃಷ್ಟಿಸಿದ ಹಿತ್ತಲು. ಆ ಖಾಲಿತನದಲ್ಲಿ ಕಾಳು ಹಾಕಲು ಕಲಿತವರಿಗೆ, ವಿಷ ನಿಂತ ಮೇಲೆ ಮರಳಿದ ಹಳೆಯ ನಿವಾಸಿಯೇ ಅತಿಕ್ರಮಣಕಾರನಂತೆ ಕಂಡಿತು.

ಮರಳಿದ ಗಿಡುಗ ಸಣ್ಣ ಹಕ್ಕಿಗಳ ಸಂತತಿಯನ್ನು ಅಳಿಸಿತೇ? ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡು ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿ ನಮ್ಮ ಚೇಕಡಿ ಬಳಗದ ಗ್ರೇಟ್ ಟಿಟ್ ಹಕ್ಕಿಗಳನ್ನು 1947ರಿಂದ ಎಣಿಸುತ್ತ ಬಂದಿದ್ದಾರೆ. ನಡುವೆ ಗಿಡುಗ ಹೋದದ್ದಕ್ಕೂ ಬಂದದ್ದಕ್ಕೂ ಲೆಕ್ಕವಿದೆ. ಮರಳಿದ ಗಿಡುಗ ಮರಿಗಳಲ್ಲಿ ದೊಡ್ಡ ಪಾಲನ್ನೇ ತಿಂದಿತು, ಆದರೂ ಗೂಡು ಕಟ್ಟುವ ಜೋಡಿಗಳ ಸಂಖ್ಯೆ ಕುಸಿಯಲಿಲ್ಲ. ಗಿಡುಗ ತಿನ್ನದಿದ್ದರೂ ಚಳಿಗೋ ಹಸಿವಿಗೋ ಸಾಯುತ್ತಿದ್ದ ಮರಿಗಳೇ ಅವುಗಳಲ್ಲಿ ಹೆಚ್ಚು. ಇನ್ನೊಂದು ಸ್ವಾರಸ್ಯವಿದೆ: ಗಿಡುಗವಿಲ್ಲದ ವರ್ಷಗಳಲ್ಲಿ ಟಿಟ್‌ಗಳ ತೂಕ ಏರಿತ್ತು, ಅದು ಬಂದ ಮೇಲೆ ಇಳಿಯಿತು. ಮೈ ಹಗುರವಾಗಿದ್ದರೆ ತಪ್ಪಿಸಿಕೊಳ್ಳುವುದು ಸುಲಭ.

ಪೇಟೆಯ ಗುಬ್ಬಿಗಳ ಕುಸಿತಕ್ಕೂ ಗಿಡುಗದ ಮರಳುವಿಕೆಗೂ ನಂಟು ಕಂಡ 2010ರ ಅಧ್ಯಯನವೊಂದಿದೆಯಲ್ಲ ಎನ್ನಬಹುದು. ಅದನ್ನು ತಳ್ಳಿಹಾಕಲಾಗದು, ಗುಬ್ಬಿಯ ವಿಷಯ ಇನ್ನೂ ಚರ್ಚೆಯಲ್ಲಿದೆ. ಆದರೆ ಅದೇ ವರ್ಷ ಇಂಗ್ಲೆಂಡಿನ ಇಪ್ಪತ್ತೊಂಬತ್ತು ಪ್ರಭೇದಗಳ ಲೆಕ್ಕ ಹಿಡಿದವರಿಗೆ ಹೆಚ್ಚಿನವುಗಳಲ್ಲಿ ಅಂಥ ನಂಟು ಸಿಗಲಿಲ್ಲ. ತಟ್ಟೆಯ ಸುತ್ತ ಹಕ್ಕಿಗಳನ್ನು ಗುಂಪುಗೂಡಿಸುವುದೇ ತಪ್ಪು ಎಂಬ ಆಕ್ಷೇಪಕ್ಕೆ ಇದಕ್ಕಿಂತ ತೂಕವಿದೆ, ಆದರೆ ಅದಕ್ಕೆ ಕಾರಣ ಗಿಡುಗವಲ್ಲ. 2005ರಲ್ಲಿ ಗ್ರೀನ್‌ಫಿಂಚ್‌ಗಳಿಗೆ ಟ್ರೈಕೊಮೊನೊಸಿಸ್ ತಗುಲಿತು. ಗಂಟಲಿಗೆ ಬಂದು ನುಂಗಲು ಬಿಡದ ಈ ರೋಗ ಎಂಜಲಾದ ಕಾಳು, ನೀರಿನಿಂದ ಹರಡುತ್ತದೆ. 2021ರಲ್ಲಿ ಆ ಹಕ್ಕಿ ಬ್ರಿಟನ್ನಿನ ಕೆಂಪು ಪಟ್ಟಿ ಸೇರಿತು. ಗಿಡುಗ ಬಂದಾಗ ಕೆಲದಿನ ಕಾಳು ನಿಲ್ಲಿಸಿ, ಹಕ್ಕಿಗಳು ಚದುರಲಿ ಎಂಬ ಸಲಹೆ ಅಲ್ಲಿ ಹಳೆಯದು. ಗಂಟಲು ಊದಿದ ಒಂದು ಫಿಂಚ್ ತಟ್ಟೆಯ ಬಳಿ ಮುದುಡಿ ಕೂತದ್ದು ಕಂಡರೆ ಮಾತ್ರ ಆ ಸಲಹೆಯನ್ನು ತಪ್ಪದೆ ಪಾಲಿಸಿ, ತಟ್ಟೆ ತೊಳೆದು ಒಣಗಿಸಬೇಕು.