ಕೆಶಾನಿನ ಮಕ್ಕಳು ಮತ್ತು ಮಣ್ಣಿನ ಕೊರತೆ

1935ರಲ್ಲಿ ಈಶಾನ್ಯ ಚೀನಾದ ಕೆಶಾನ್ ಎಂಬಲ್ಲಿ ಹಳ್ಳಿಗರು ಇದ್ದಕ್ಕಿದ್ದಂತೆ ಸಾಯತೊಡಗಿದರು. ವಾಂತಿ, ತಣ್ಣಗಾಗುವ ಕೈಕಾಲು, ಏದುಸಿರು. ಕೆಲವರಿಗೆ ಒಂದೆರಡು ದಿನದಲ್ಲೇ ಸಾವು. ಸತ್ತವರ ಹೃದಯ ಹಿಗ್ಗಿತ್ತು, ಅದರ ಸ್ನಾಯು ಅಲ್ಲಲ್ಲಿ ನಶಿಸಿತ್ತು. ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿತು. ಈಶಾನ್ಯದಿಂದ ನೈರುತ್ಯದವರೆಗೆ ಚೀನಾವನ್ನು ಓರೆಯಾಗಿ ಹಾದುಹೋಗುವ ಒಂದು ಪಟ್ಟಿಯ ಹಳ್ಳಿಗಳಲ್ಲೂ ಅದು ಇದೆಯೆಂದು ಮುಂದೆ ಗೊತ್ತಾಯಿತು. ಹೆಚ್ಚಾಗಿ ಬಲಿಯಾದವರು ಹತ್ತು ವರ್ಷದೊಳಗಿನ ಮಕ್ಕಳು ಮತ್ತು ಹೆರುವ ವಯಸ್ಸಿನ ಹೆಂಗಸರು.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ನೂಕಲಾರದೆ ಅದು ಸೋಲುವುದು. ದೊಡ್ಡವರಲ್ಲಿ ಇದರ ಹಿಂದೆ ರಕ್ತದೊತ್ತಡ, ಮುಚ್ಚಿದ ರಕ್ತನಾಳಗಳು ಇರುವುದು ಹೆಚ್ಚು. ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ದೋಷ, ಸೋಂಕು, ಹೃದಯಸ್ನಾಯುವಿನ ಕಾಯಿಲೆ ಮುಖ್ಯ. ಕೆಶಾನಿನದು ಸ್ನಾಯುವಿನ ಕಾಯಿಲೆ. ಆದರೆ ಆ ಹಳ್ಳಿಗಳಲ್ಲೇ ಏಕೆ?

ಸುಳಿವು ಊಟದ ತಟ್ಟೆಯಲ್ಲಿತ್ತು. ಕಾಯಿಲೆ ಬೀಳುತ್ತಿದ್ದವರು ತಮ್ಮ ಹೊಲದಲ್ಲಿ ಬೆಳೆದದ್ದನ್ನೇ ಉಣ್ಣುವ ರೈತರ ಮನೆಯವರು. ಅದೇ ಊರಿನಲ್ಲಿದ್ದರೂ ಹೊರಗಿನ ಧಾನ್ಯ ತಿನ್ನುತ್ತಿದ್ದ ಮನೆಗಳಿಗೆ ಅದು ತಗುಲುತ್ತಿದ್ದುದು ಅಪರೂಪ. ಇಂಥ ಪ್ರದೇಶಗಳ ದನಕುರಿಗಳಿಗೂ ಸ್ನಾಯು ಬಿಳಿಚುವ ರೋಗ ಬರುತ್ತಿತ್ತು. ಅದು ಸೆಲೆನಿಯಂ ಕೊರತೆಯಿಂದ ಬರುವುದೆಂದು ಪಶುವೈದ್ಯರಿಗೆ ತಿಳಿದಿತ್ತು. 1817ರಲ್ಲಿ ಪತ್ತೆಯಾದ ಈ ಧಾತುವನ್ನು ಬಹುಕಾಲ ವಿಷವೆಂದೇ ಎಣಿಸಲಾಗಿತ್ತು. ಅತ್ಯಲ್ಪ ಪ್ರಮಾಣದಲ್ಲಿ ಅದು ಜೀವಕ್ಕೆ ಬೇಕೇ ಬೇಕೆಂದು ತೋರಿದ್ದು 1957ರಲ್ಲಿ. ಕಾಯಿಲೆಯ ಹಳ್ಳಿಗಳ ಮಣ್ಣು, ಧಾನ್ಯ, ಜನರ ಕೂದಲು ಎಲ್ಲದರಲ್ಲೂ ಸೆಲೆನಿಯಂ ತೀರಾ ಕಡಿಮೆ ಇತ್ತು.

1974ರಲ್ಲಿ ಸಿಚುವಾನ್ ಪ್ರಾಂತದ ಮಿಯಾನ್‌ನಿಂಗ್‌ನಲ್ಲಿ ಒಂದರಿಂದ ಒಂಬತ್ತು ವರ್ಷದ ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ವಾರಕ್ಕೊಮ್ಮೆ ಸೋಡಿಯಂ ಸೆಲೆನೈಟ್ ಮಾತ್ರೆ, ಉಳಿದವರಿಗೆ ಬರಿಯ ಹುಸಿಮಾತ್ರೆ. ಮೊದಲ ವರ್ಷ ಸೆಲೆನಿಯಂ ಪಡೆದ 4510 ಮಕ್ಕಳಲ್ಲಿ 10 ಮಂದಿಗೆ ಕಾಯಿಲೆ ಬಂತು, ಯಾರೂ ಸಾಯಲಿಲ್ಲ. ಹುಸಿಮಾತ್ರೆ ಪಡೆದ 3985 ಮಕ್ಕಳಲ್ಲಿ 54 ಮಂದಿಗೆ ಬಂತು; ಅವರಲ್ಲಿ 27 ಮಕ್ಕಳು ತೀರಿಕೊಂಡರು. ಮರುವರ್ಷವೂ ಅಂತರ ಹಾಗೆಯೇ ಉಳಿಯಿತು. 1976ರಲ್ಲಿ ಹುಸಿಮಾತ್ರೆಯನ್ನು ಕೈಬಿಟ್ಟು ಸೆಲೆನಿಯಂ ಅನ್ನೇ ಕೊಡಲಾಯಿತು. ಹೀಗೆ ದೊರೆತ ಜ್ಞಾನದ ಬೆಲೆ ತೆತ್ತವರು, ಹುಸಿಮಾತ್ರೆ ನುಂಗಿ ಸತ್ತ ಆ ಮಕ್ಕಳು.

ಆದರೂ ಒಂದು ತೊಡಕು ಉಳಿಯಿತು. ಮಣ್ಣಿನ ಕೊರತೆ ವರ್ಷವಿಡೀ ಇರುವಂಥದ್ದು. ಕಾಯಿಲೆ ಮಾತ್ರ ಋತುವಿಗೊಮ್ಮೆ ಏರಿ ಇಳಿಯುತ್ತಿತ್ತು, ಒಂದು ವರ್ಷ ಹೆಚ್ಚು, ಮತ್ತೊಂದು ವರ್ಷ ಕಡಿಮೆ. ಹಾಗೆ ಬಂದುಹೋಗುವುದು ಸೋಂಕಿನ ಗುಣ. ರೋಗಿಗಳಲ್ಲಿ ಕಾಕ್ಸ್ಯಾಕಿ ವೈರಸ್‌ಗಳೂ ಸಿಕ್ಕವು. 1990ರ ದಶಕದಲ್ಲಿ ಅಮೆರಿಕದ ಮೆಲಿಂಡಾ ಬೆಕ್ ಮತ್ತು ಸಂಗಡಿಗರು ಹೃದಯಕ್ಕೆ ಹಾನಿ ಮಾಡದ ಕಾಕ್ಸ್ಯಾಕಿ ವೈರಸ್ಸನ್ನು ಸೆಲೆನಿಯಂ ಕೊರತೆಯ ಇಲಿಗಳಿಗೆ ಕೊಟ್ಟರು. ಇಲಿಗಳ ಹೃದಯ ಕೆಟ್ಟಿತು. ಅಷ್ಟೇ ಅಲ್ಲ, ಅವುಗಳಿಂದ ಹೊರತೆಗೆದ ವೈರಸ್ ಚೆನ್ನಾಗಿ ಉಂಡ ಇಲಿಗಳ ಹೃದಯವನ್ನೂ ಕೆಡಿಸಿತು. ಕೊರತೆಯ ದೇಹದೊಳಗೆ ವೈರಸ್ಸೇ ಬದಲಾಗಿತ್ತು.

ಅಪಾಯದ ಅಂಶ ಎಂದು ವೈದ್ಯರು ಹೇಳುವಾಗ ಅದನ್ನು ಕಾರಣವೆಂದೇ ಕೇಳಿಸಿಕೊಳ್ಳುವುದು ಸುಲಭ. ಕೆಶಾನ್ ಬೇರೆ ಕಥೆ ಹೇಳುತ್ತದೆ. ಕೊರತೆಯಿದ್ದ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇದ್ದರು. ಕೊರತೆ ಬಾಗಿಲನ್ನು ತೆರೆದಿಟ್ಟಿತ್ತು. ಒಳಗೆ ಬಂದದ್ದು ಇನ್ನೊಂದು. ಬಂದದ್ದನ್ನು ತಡೆಯುವ ಲಸಿಕೆ ಯಾರ ಕೈಯಲ್ಲೂ ಇರಲಿಲ್ಲ, ಆದರೆ ಬಾಗಿಲು ಮುಚ್ಚಲು ವಾರಕ್ಕೊಂದು ಮಾತ್ರೆ ಸಾಕಾಯಿತು. ಮುಂದಿನ ದಶಕಗಳಲ್ಲಿ ಬದುಕು ಸುಧಾರಿಸಿ, ಬೇರೆ ಸೀಮೆಯ ಆಹಾರ ಆ ಹಳ್ಳಿಗಳ ಒಲೆ ತಲುಪಿದಂತೆ ಕಾಯಿಲೆಯೂ ಹಿಂದೆ ಸರಿಯಿತು. ಒಂದೇ ಹೊಲವನ್ನು ನಂಬಿ ಉಣ್ಣಬೇಕಾಗಿದ್ದ ಬಡತನವನ್ನು ಯಾವ ರೋಗಪಟ್ಟಿಯೂ ಹೆಸರಿಸಿರಲಿಲ್ಲ. ಆ ಮಕ್ಕಳ ಹೃದಯದ ಮೇಲೆ ಮೊದಲು ಬಿದ್ದ ಭಾರ ಮಾತ್ರ ಅದೇ.