ಆಕಾಶವಾಣಿಯ ಅಪಾರ್ಥಗಳೂ ಗಡಿನಾಡಿನ ಅರ್ಥಕೋಶವೂ

ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಕೇಳಿದವನು ನಡುಗಬೇಕಾದ ಮಾತು. ತಂಗಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಕೇಳಿಸಿದ್ದು ಅಂಥ ವಾಣಿ. ಆಡಿದವರು ಕಾಣುತ್ತಿರಲಿಲ್ಲ, ಆಡಿದ ಮಾತನ್ನು ತಿದ್ದುವ ಅಧಿಕಾರವೂ ಯಾರಿಗೂ ಇರಲಿಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದಾಗ ಆ ಕೇಂದ್ರಕ್ಕೆ ಈ ಪುರಾಣದ ಹೆಸರೇ ಬಂದಿತು. ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಹೇಳುವುದುಂಟು. ಮುಂದೆ ಇಡಿಯ ದೇಶದ ಬಾನುಲಿಯೇ ಆ ಹೆಸರನ್ನು ಧರಿಸಿತು.

ಕಸ್ತೂರಿಯವರು ಕೇರಳದಲ್ಲಿ ಹುಟ್ಟಿದವರು, ಮನೆಮಾತು ಮಲಯಾಳ, ವೃತ್ತಿಯಿಂದ ಇತಿಹಾಸದ ಅಧ್ಯಾಪಕರು. ರಾಶಿಯವರು 1942ರಲ್ಲಿ ಹೊರಡಿಸಿದ 'ಕೊರವಂಜಿ'ಯ ಬಳಗದಲ್ಲಿದ್ದು ಕನ್ನಡಿಗರನ್ನು ನಗಿಸಿದರು. ನಾವು ದಿನಾಲು ಬಳಸುವ ಶಬ್ದಗಳಿಗೆ ನಗೆಯ ಅರ್ಥಗಳನ್ನು ಕಟ್ಟಿದ 'ಅನರ್ಥಕೋಶ' ಅವರದೇ. ಹಳೆಯ ಶಬ್ದಕ್ಕೆ ಹೊಸ ಅರ್ಥವನ್ನು ಗಂಭೀರವಾಗಿ ಹಚ್ಚಿದರೆ 'ಆಕಾಶವಾಣಿ'ಯಾಗುತ್ತದೆ, ವಿನೋದಕ್ಕೆ ಹಚ್ಚಿದರೆ 'ಅನರ್ಥಕೋಶ'ವಾಗುತ್ತದೆ. ಯಾವ ಎಚ್ಚರವೂ ಇಲ್ಲದೆ ಹಚ್ಚಿದರೆ ಏನಾಗುವುದು? ಅದನ್ನೇ ನಾವು ವಾರ್ತಾ ಪ್ರಸಾರದ ತಪ್ಪು ಎನ್ನುತ್ತೇವೆ. ಈ ಮೂರರ ಸಂಬಂಧವನ್ನು ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ಅಧ್ಯಾಪಕ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಧಾರವಾಡದ ಬಾನುಲಿ ಕೇಂದ್ರವು ಆರಂಭವಾದುದು 1950ರ ಜನವರಿ 8ರಂದು. ಅಂದಿನಿಂದ ಗಡಿಯ ಈಚೆಗಿನ ಕನ್ನಡ ಮನೆಗಳಿಗೂ ಕನ್ನಡದ ಧ್ವನಿ ದೊರೆಯಿತು. ದಿಲ್ಲಿಯಿಂದ ಕನ್ನಡ ವಾರ್ತೆಗಳು ಬಿತ್ತರವಾಗುತ್ತಿದ್ದ ಕಾಲದಲ್ಲಿ ಮೂಲ ಸುದ್ದಿ ಬಹುತರ ಇಂಗ್ಲಿಷಿನಲ್ಲಿ ಸಿದ್ಧವಾಗುತ್ತಿತ್ತು. ಭಾಷಾಂತರಕಾರನು ಗಡಿಯಾರವನ್ನು ನೋಡುತ್ತ ಅದನ್ನು ಕನ್ನಡಕ್ಕೆ ಇಳಿಸಬೇಕಾಗಿತ್ತು. ಸುತ್ತಲೂ ಕಿವಿಗೆ ಬೀಳುವುದು ಹಿಂದಿ. ಇಂಥ ಸ್ಥಿತಿಯಲ್ಲಿ ಮೋಸ ಮಾಡುವವು ಅಪರಿಚಿತ ಶಬ್ದಗಳಲ್ಲ, ಪರಿಚಿತ ಶಬ್ದಗಳೇ. ಅಪರಿಚಿತವಾದುದನ್ನು ಕೋಶದಲ್ಲಿ ಹುಡುಕುತ್ತೇವೆ. ಪರಿಚಿತವಾದುದನ್ನು ಯಾರು ಹುಡುಕುವರು?

ಹಿಂದಿಯಲ್ಲಿ 'ಸಂಭಾವನಾ' ಎಂದರೆ ಸಾಧ್ಯತೆ. ನಮ್ಮಲ್ಲಿ ಸಂಭಾವನೆಯೆಂದರೆ ವಿದ್ವಾಂಸನ ಕೈಯಲ್ಲಿಡುವ ಗೌರವಧನ. ಆದುದರಿಂದ ಹಿಂದಿ ವಾರ್ತೆಯಲ್ಲಿ ಮಳೆಯ 'ಸಂಭಾವನಾ' ಕೇಳಿದ ಕನ್ನಡಿಗನು, ಮಳೆರಾಯನಿಗೆ ಕೊಡತಕ್ಕದ್ದು ಎಷ್ಟು ಎಂದು ಕೇಳಿದರೆ ತಪ್ಪೇನು? ಅಲ್ಲಿ 'ಅವಸರ'ವೆಂದರೆ ಸದವಕಾಶ, ಇಲ್ಲಿ ಗಡಿಬಿಡಿ. ಅಲ್ಲಿ 'ಅನುಮಾನ'ವೆಂದರೆ ಅಂದಾಜು, ಇಲ್ಲಿ ಸಂಶಯ. ಅಲ್ಲಿ 'ಉಪನ್ಯಾಸ'ವೆಂದರೆ ಕಾದಂಬರಿ, ಇಲ್ಲಿ ಭಾಷಣ. 2020ರಲ್ಲಿ ಕೇಂದ್ರ ಸರಕಾರದ ಮಾನವ ಸಂಪನ್ಮೂಲ ಖಾತೆಗೆ ಹಿಂದಿಯಲ್ಲಿ 'ಶಿಕ್ಷಾ ಮಂತ್ರಾಲಯ'ವೆಂದು ಹೆಸರಾಯಿತು. ಶಿಕ್ಷೆಯೆಂದರೆ ದಂಡನೆಯೆಂದೇ ತಿಳಿದ ಕನ್ನಡ ಮಕ್ಕಳೂ ಮರಾಠಿ ಮಕ್ಕಳೂ ಈ ಒಂದು ವಿಷಯದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ನಗಬಹುದು. ಸಂಸ್ಕೃತವೆಂಬ ಒಂದೇ ಕಣಜದಿಂದ ಎಲ್ಲರೂ ಕಾಳು ಒಯ್ದರು. ತಂತಮ್ಮ ಹೊಲದಲ್ಲಿ ಬಿತ್ತಿದರು. ಮಣ್ಣಿಗೆ ತಕ್ಕಂತೆ ಬೆಳೆ ಬಂದಿತು.

ಇನ್ನು ನಮ್ಮ ಸೀಮೆಯ ವಿಷಯ. ಕೊಲ್ಲಾಪುರದ ಶಿಲಾಹಾರರು 12ನೆಯ ಶತಮಾನದಲ್ಲಿ ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದರು; ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಇಂದಿಗೂ ಕನ್ನಡದ ಅಕ್ಷರಗಳನ್ನು ಕಾಣಬಹುದು. ಮುಂದೆ ಮರಾಠಿಯೇ ಇಲ್ಲಿಯ ರಾಜ್ಯಭಾಷೆಯಾಯಿತು. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ನೆರೆಯ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಲು, ಕೊಲ್ಲಾಪುರ ಜಿಲ್ಲೆ ಆಚೆಯೇ ಉಳಿಯಿತು. ಆದರೆ ಶಬ್ದಗಳಿಗೆ ಗಡಿಕಲ್ಲುಗಳ ಲೆಕ್ಕವಿಲ್ಲ. ನಮ್ಮ ತುಪ್ಪವು ಅವರಲ್ಲಿ 'ತೂಪ'ವಾಗಿದೆ. ನಮ್ಮ ಅಣ್ಣ, ಅಕ್ಕಂದಿರು ಅವರ ಮನೆಯಲ್ಲಿ 'ಅಣ್ಣಾ', 'ಅಕ್ಕಾ' ಎನಿಸಿದ್ದಾರೆ. ಅವರ 'ಚಳವಳ'ವು ನಮ್ಮ ಚಳವಳಿಯಾಗಿದೆ.

ಕೊಲ್ಲಾಪುರದ ಮರಾಠಿ ಮಿತ್ರರ ಮನೆಯಿಂದ ಬರುವ ಮದುವೆಯ ಕರೆಯೋಲೆಯನ್ನು ನೋಡಿರಿ. 'ಆಗ್ರಹಾಚೆ ನಿಮಂತ್ರಣ' ಎಂದಿರುತ್ತದೆ. ಅವರ 'ಆಗ್ರಹ'ವು ಪ್ರೀತಿಯ ಒತ್ತಾಯ, ಎರಡನೆಯ ಸಲ ಹೋಳಿಗೆ ಬಡಿಸುವಾಗಿನ ಒತ್ತಾಯ. ಕನ್ನಡ ಕೋಶದಲ್ಲಿ ಅದಕ್ಕೆ ಕೋಪವೆಂಬ ಅರ್ಥವುಂಟು. ಇಂದಿನ ಕನ್ನಡ ಪತ್ರಿಕೆಗಳಲ್ಲಿ ಅದು ಮೋರ್ಚೆಯವರ ಬೇಡಿಕೆ. ಇಚಲಕರಂಜಿಯಲ್ಲಿ 1904ರಿಂದಲೇ ಯಂತ್ರದ ಮಗ್ಗಗಳ ಸಪ್ಪಳ ಕೇಳುತ್ತ ಬಂದಿದೆ. ಮಗ್ಗಕ್ಕೆ ಮರಾಠಿಯಲ್ಲಿ 'ಮಾಗ'. ಮುಷ್ಕರದ ದಿನ ಬಾನುಲಿಯಲ್ಲಿ 'ಯಂತ್ರಮಾಗ ಬಂದ' ಎಂದು ಕೇಳಿಸಿದರೆ, ಒಳಗೆ ರೊಟ್ಟಿ ಬಡಿಯುತ್ತಿರುವ ಕನ್ನಡದ ಮುದುಕಿಯ ಕಿವಿಗೆ 'ಮಗ ಬಂದ' ಎಂದೇ ಬೀಳುವುದು. ಮಗ್ಗ ನಿಂತ ದಿನ ಮಗನು ಬೇಗ ಮನೆಗೆ ಬರುವುದೂ ಸುಳ್ಳಲ್ಲ! ಗಡಹಿಂಗ್ಲಜದ ಬಸ್‌ನಿಲ್ದಾಣದಲ್ಲಿ ಯಾರಾದರೂ 'ಖಾಲೀ ಬಸಾ' ಎಂದು ಕುಳ್ಳಿರಹೇಳಿದರೆ, ಹೊಸಬನಾದ ಕನ್ನಡಿಗನು ಖಾಲಿ ಬಸ್ಸನ್ನು ಹುಡುಕುತ್ತಾನೆ. ನೂಲ, ಹಲಕರ್ಣಿ, ಹೆಬ್ಬಾಳಗಳ ಕಡೆಯ ಹುಡುಗನು ಪರೀಕ್ಷೆ ಮುಗಿಸಿ ಬಂದು 'ಪೇಪರ ಅವಘಡ ಇತ್ರಿ ಸರ' ಎಂದರೆ ಗಾಬರಿಪಡಬೇಕಾದುದಿಲ್ಲ. ಮರಾಠಿಯಲ್ಲಿ 'ಅವಘಡ'ವೆಂದರೆ ಕಠಿಣ. ಕನ್ನಡ ವಾರ್ತೆಯಲ್ಲಿ ಅದೇ ಶಬ್ದ ದುರಂತ.

ಈಗ ನಾವು ಕೇಳಬೇಕಾದ ಪ್ರಶ್ನೆ ಇದು: ಈ ಹುಡುಗನ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆಯಬೇಕೆ?

ಶಬ್ದಗಳನ್ನು ತೊಳೆಯುವ ಯತ್ನ ಹೊಸದಲ್ಲ. ಸಂಸ್ಕೃತ ಕನ್ನಡ ಪದಗಳನ್ನು ಬೇಕಾದಂತೆ ಬೆಸೆಯುವುದನ್ನು 9ನೆಯ ಶತಮಾನದ 'ಕವಿರಾಜಮಾರ್ಗ'ವೇ ದೋಷವೆಂದು ಎಣಿಸಿತು. ಶಿವಾಜಿ ಮಹಾರಾಜರ ಕಾಲದಲ್ಲಿ ದರಬಾರದ ಪಾರಸಿ ಶಬ್ದಗಳಿಗೆ ಸಂಸ್ಕೃತ ಶಬ್ದಗಳನ್ನು ಕೊಡುವ 'ರಾಜವ್ಯವಹಾರಕೋಶ'ವು ಸಿದ್ಧವಾಯಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಮಾಧವ ಜೂಲಿಯನ್ ಅವರ ಉದಾಹರಣೆಯಂತೂ ಮನನೀಯವಾದುದು. ಮೊದಲು ಪಾರಸಿ ಬೆರೆಸಿ ಕವಿತೆ ಬರೆದವರು. 1925ರಲ್ಲಿ ಪಾರಸಿ–ಮರಾಠಿ ಕೋಶವನ್ನು ರಚಿಸಿದವರು. ಅವರೇ 1938ರಲ್ಲಿ 'ಭಾಷಾಶುದ್ಧಿ-ವಿವೇಕ'ವನ್ನು ಬರೆದರು. ಪುಸ್ತಕದ ಹೆಸರಿನಲ್ಲಿಯ ಎರಡನೆಯ ಶಬ್ದವನ್ನು ನಾವು ಮರೆಯಬಾರದು. ಶುದ್ಧಿಗಿಂತ ವಿವೇಕವು ದೊಡ್ಡದು. ಇಷ್ಟೆಲ್ಲ ತೊಳೆದರೂ 'ಸರಕಾರ', 'ಕಾಗದ', 'ಅರ್ಜಿ'ಗಳು ಎರಡೂ ಭಾಷೆಗಳಲ್ಲಿ ಸುಖವಾಗಿಯೇ ಉಳಿದಿವೆ.

ಹಾಗಾದರೆ ತಪ್ಪು ಎಂಬುದೇ ಇಲ್ಲವೆ? ಉಂಟು, ಅದನ್ನು ಅಳೆಯುವ ಕೋಲು ಮಾತ್ರ ಬೇರೆ. ಶಬ್ದವು ಎಲ್ಲಿಂದ ಬಂದಿತೆಂಬುದು ಆ ಕೋಲಲ್ಲ. ಕೇಳಿದವನು ನಡೆದ ಸಂಗತಿಯನ್ನು ಬೇರೆಯಾಗಿ ತಿಳಿದನೆ ಎಂಬುದೇ ಕೋಲು. ಇದಕ್ಕೆ ನಮ್ಮ ಪಂಚಗಂಗೆಯೇ ಸಾಕ್ಷಿ. ಕೊಲ್ಲಾಪುರದ ರಾಜಾರಾಮ ಬಂಧಾರೆಯ ಹತ್ತಿರ ನೀರು 39 ಅಡಿಗೆ ಏರಿದರೆ ಮರಾಠಿ ವಾರ್ತೆಯಲ್ಲಿ 'ಇಶಾರಾ ಪಾತಳೀ', 43 ಅಡಿಗೆ ಏರಿದರೆ 'ಧೋಕಾ ಪಾತಳೀ' ಎನ್ನುವರು. ಮರಾಠಿಯಲ್ಲಿ 'ಇಶಾರಾ' ಎಂದರೆ ಎಚ್ಚರಿಕೆ. ಕನ್ನಡದ ಇಶಾರೆ ಬರಿಯ ಸನ್ನೆ. ಮರಾಠಿಯಲ್ಲಿ 'ಧೋಕಾ' ಎಂದರೆ ಅಪಾಯ. ಕನ್ನಡ ಹುಡುಗರು ತಿಳಿದ ಧೋಕಾ ಮೋಸ. 2019ರ ಆಗಸ್ಟದಲ್ಲಿ ನದಿಯು 43 ಅಡಿಯ ಗುರುತನ್ನು ಬಹಳ ಮೀರಿ ಹರಿಯಿತು. ಕೊಲ್ಲಾಪುರ, ಇಚಲಕರಂಜಿ, ಶಿರೋಳದ ಭಾಗಗಳು ನೀರಿನಲ್ಲಿ ನಿಂತವು. 2021ರಲ್ಲಿ ಮತ್ತೆ ಮಹಾಪೂರ ಬಂದಿತು. ಅಂಥ ರಾತ್ರಿ ನದೀದಂಡೆಯ ಕನ್ನಡ ಮನೆಯಲ್ಲಿ ಒಬ್ಬನು ಎಚ್ಚರಿಕೆಯನ್ನು ಸನ್ನೆಯೆಂದು ತಿಳಿದು ಎಮ್ಮೆಯ ಕಣ್ಣಿಯನ್ನು ಬಿಚ್ಚದೆ ಮಲಗಿದರೆ, ಅದು ನಗುವ ಮಾತಲ್ಲ. ಇಲ್ಲಿ ಮರಾಠಿ ವಾರ್ತೆಯೂ ತಪ್ಪಲ್ಲ, ಕನ್ನಡ ಕಿವಿಯೂ ತಪ್ಪಲ್ಲ. ಎರಡರ ನಡುವೆ ನಿಂತು ಅರ್ಥ ಹೇಳುವವನು ಇಲ್ಲದಿರುವುದೇ ತಪ್ಪು. ಆ ಸ್ಥಾನ ಯಾರದು? ಗಡಿನಾಡಿನ ಶಿಕ್ಷಕನದು.

ಹುಡುಗನು 'ಅವಘಡ' ಎಂದುದಕ್ಕೆ ನಾವು ಕೆಂಪು ಗೆರೆ ಎಳೆದೆವೆಂದರೆ ಅವನು ಕಲಿಯುವುದು ಒಂದೇ: ತನ್ನ ಊರಿನ ಮಾತು ಹೊಲಸು ಎಂದು. ಎರಡು ಅರ್ಥಗಳನ್ನೂ ತೋರಿಸಿದೆವೆಂದರೆ ಅವನಿಗೆ ಎರಡು ಭಾಷೆ ದೊರೆತವು. ಎರಡನ್ನೂ ಒಟ್ಟಿಗೆ ನೆನಪಿನಲ್ಲಿ ಇರಿಸುವುದಕ್ಕೆ ನಗೆಯಂಥ ಸಾಧನವಿಲ್ಲ. ಇಂಗ್ಲಿಷಿನ ಜಾನ್ಸನ್ ಪಂಡಿತನು 1755ರ ತನ್ನ ಗಂಭೀರ ಕೋಶದಲ್ಲಿಯೂ ಅಲ್ಲಲ್ಲಿ ಚೇಷ್ಟೆ ಮಾಡಿದ್ದಾನೆ. ಅಮೇರಿಕದ ಬಿಯರ್ಸ್ ಇಡಿಯ ಕೋಶವನ್ನೇ ಕುಚೋದ್ಯದಿಂದ ತುಂಬಿದನು. ನಮ್ಮಲ್ಲಿ ಕಸ್ತೂರಿಯವರು ದಾರಿ ಹಾಕಿಕೊಟ್ಟಿದ್ದಾರೆ. ಗಡಿನಾಡಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎರಡೂ ಭಾಷೆಯ ಅರ್ಥಗಳು ಒಂದೇ ವಾಕ್ಯದಲ್ಲಿ ಕೂಡುವಂತೆ ಕಟ್ಟಬಹುದು. ಮಾದರಿಗೆ ಕೆಲವು:

ಅನುಮಾನ — ಹವಾಮಾನದವರು ಮಾಡುವುದು, ಒಕ್ಕಲಿಗರು ಪಡುವುದು.

ಸಂಭಾವನೆ — ಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ಮಳೆಗೂ ಭಾಷಣಕಾರನಿಗೂ ಸಮಾನ.

ರಾಗ — ಗವಾಯಿಯು ತೆಗೆಯುವುದು. ಮಧ್ಯರಾತ್ರಿಯಾದರೂ ನಿಲ್ಲಿಸದಿದ್ದರೆ ಮರಾಠಿ ನೆರೆಯವನಿಗೆ ಬರುವುದು.

ಆಗ್ರಹ — ಮದುವೆಗೆ ಕರೆಯುವಾಗ ಮರಾಠಿ, ಹೋಗದಿದ್ದರೆ ಕನ್ನಡ.

ಅವಘಡ — ಪ್ರಶ್ನಪತ್ರಿಕೆ ಕೈಗೆ ಬಂದಾಗ ಮರಾಠಿ, ಫಲಿತಾಂಶ ಬಂದಾಗ ಕನ್ನಡ.

ಅವಸರ — ದಿಲ್ಲಿಯಲ್ಲಿ ದೊರೆಯುವುದು. ಅದನ್ನು ಹಿಡಿಯಲು ಹೋದ ಕನ್ನಡಿಗನು ಪಡುವುದು.

ಸಮಾಚಾರ — ಕನ್ನಡಿಗನು ಕೇಳುವುದು. ಮರಾಠಿಯವನು 'ಘೇತೋ' ಎಂದರೆ ಓಡಿಹೋಗತಕ್ಕದ್ದು.

ಮರಾಠಿಯಲ್ಲಿ ಒಬ್ಬನ 'ಸಮಾಚಾರ' ತೆಗೆದುಕೊಳ್ಳುವುದೆಂದರೆ ಅವನನ್ನು ತರಾಟೆಗೆ ತೆಗೆದುಕೊಳ್ಳುವುದು. ಕನ್ನಡದ ಮೊದಲ ಪತ್ರಿಕೆಗೆ 1843ರಲ್ಲಿ ಮೋಗ್ಲಿಂಗ್ ಅವರು 'ಮಂಗಳೂರ ಸಮಾಚಾರ'ವೆಂದು ಹೆಸರಿಟ್ಟರು. ಪತ್ರಿಕೆಗಳು ಮಾಡತಕ್ಕ ಎರಡೂ ಕೆಲಸಗಳು, ಸುದ್ದಿ ಹೇಳುವುದೂ ತರಾಟೆಗೆ ತೆಗೆದುಕೊಳ್ಳುವುದೂ, ಈ ಒಂದೇ ಶಬ್ದದಲ್ಲಿ ಅಡಗಿರುವುದು ಸೋಜಿಗವಲ್ಲವೆ?

ಕೊನೆಗೆ ಒಂದು ಸೂಚನೆ. ಪ್ರತಿ ಶಾಲೆಯ ಗೋಡೆಯ ಮೇಲೆ ವಾರಕ್ಕೊಂದು ಶಬ್ದವನ್ನು, ಒಂದು ಬದಿಗೆ ಕನ್ನಡದ ಅರ್ಥ, ಇನ್ನೊಂದು ಬದಿಗೆ ಮರಾಠಿಯ ಅರ್ಥ, ಕೆಳಗೆ ಮಕ್ಕಳೇ ಕಟ್ಟಿದ ನಗೆಯ ಅರ್ಥ ಎಂಬ ಕ್ರಮದಲ್ಲಿ ಬರೆಯಿಸಬೇಕು. ಮಳೆಗಾಲದ ಮೊದಲ ಎರಡು ವಾರ 'ಇಶಾರಾ', 'ಧೋಕಾ'ಗಳಿಗೆ ಮೀಸಲಿರಲಿ. ಅವುಗಳ ಕೆಳಗೆ ನಗೆಯ ಸಾಲು ಬೇಡ, ಅಡಿಗಳ ಅಂಕಿಗಳಿರಲಿ. ಕಂಸನಿಗೆ ಕೇಳಿದ ವಾಣಿಯನ್ನು ತಿದ್ದಲು ಬರುತ್ತಿರಲಿಲ್ಲ. ನಮಗೆ ಕೇಳುವ ವಾಣಿಯನ್ನು ತಿದ್ದಲು ಆಗದಿದ್ದರೂ ತಿಳಿಯಹೇಳಲು ಬರುತ್ತದೆ. ಮಕ್ಕಳು ಅದನ್ನು ಮನೆಗೆ ಒಯ್ದು ಅಜ್ಜಿಗೆ ಓದಿ ಹೇಳಿದ ದಿನ ನಮ್ಮ ಅರ್ಥಕೋಶ ಸಾರ್ಥಕವಾಯಿತೆಂದು ತಿಳಿಯಬೇಕು.